ಭಾರಕ್ಕೆ ಕುಳಿತವರು

ವಿಜಯಪುರದಿಂದ ಹೋಗುವಾಗ ಟಿಕೋಟಾ ಇನ್ನೂ ಎರಡು ಕಿಲೋಮೀಟರು ಇರುವಂತೆ ಎಡಕ್ಕೆ ಸಿಗುವ ಶಿವಶರಣಪ್ಪನವರ ಕಟ್ಟಿಗೆ ಅಡ್ಡೆಯಲ್ಲಿ, ನಾಲ್ಕು ಜನಕ್ಕೆ ಕೂತುಕೊಳ್ಳುವುದಕ್ಕೆಂದೇ ಪಗಾರವಿತ್ತು. ಬೇರೆ ಕಡೆ ಕೆಲಸದ ಹೊತ್ತಿನಲ್ಲಿ ಕೂತವನು ಬೈಸಿಕೊಳ್ಳುತ್ತಾನೆ. ಇಲ್ಲಿ ಎದ್ದವನು ಬೈಸಿಕೊಳ್ಳುತ್ತಿದ್ದ.

ಅವರು ಕೂರುತ್ತಿದ್ದುದು ಒಂದು ಯಂತ್ರದ ಬಾಲದ ಮೇಲೆ. ಬಬಲೇಶ್ವರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಶ್ಫಾಕ ಮಿಸ್ತ್ರಿ ಅದನ್ನು ಎಂಟು ತಿಂಗಳು ಕೂತು ಕಟ್ಟಿದ್ದ. ಹಳೆಯ ಟ್ರ್ಯಾಕ್ಟರಿನ ಇಂಜಿನ್ನು, ಗುಜರಿಗೆ ಬಂದಿದ್ದ ಯಾವುದೋ ಯಂತ್ರದ ಪಂಪು, ಲಾರಿಯ ಚಾಸಿಯಿಂದ ಕತ್ತರಿಸಿದ ಎರಡು ತೋಳು, ತೋಳಿನ ತುದಿಗೆ ಲಾರಿಯ ಸ್ಪ್ರಿಂಗಿನ ಉಕ್ಕಿನ ಪಾಟಾಗಳನ್ನು ಕಾಯಿಸಿ ಬಗ್ಗಿಸಿ ಮಾಡಿದ ಇಕ್ಕಳ. ಡ್ರೈವರಿಗೆಂದು ಬಸ್ಸಿನ ಸೀಟು ಹಚ್ಚಿದ್ದರು. ಅದರ ಬೆನ್ನಿಗೆ ‘ಹಿರಿಯ ನಾಗರಿಕರಿಗೆ’ ಎಂದು ಬರೆದದ್ದನ್ನು ಅಳಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಡ್ರೈವರ್ ಮಾಳುವಿಗೆ ಆಗ ಇಪ್ಪತ್ತೆಂಟು ವರ್ಷ. ಇಕ್ಕಳ ದಿಮ್ಮಿಯನ್ನು ಕಚ್ಚಿ ಹಿಡಿಯುವ ರೀತಿ ನೋಡಿ ಜನ ಯಂತ್ರಕ್ಕೆ ‘ಏಡಿ’ ಎಂದು ಹೆಸರಿಟ್ಟರು.

ಏಡಿ ಬರುವ ಮೊದಲು ದಿಮ್ಮಿ ಏರಿಸಲು ಹತ್ತು ಜನ ಹಮಾಲರಿದ್ದರು. ಹಗ್ಗ, ಬಡಿಗೆ, ಹೆಗಲು, ಇಷ್ಟೇ ಸಾಮಾನು. ಅವರ ಮುಕಾದಮ ಕಳ್ಳಕವಟಗಿಯ ರೇವಪ್ಪ. ಅವನು ಸೊಲ್ಲು ಎತ್ತಿದರೆ ಉಳಿದವರು ‘ಹೈಸ್ಸಾ’ ಎನ್ನುತ್ತ ಒಟ್ಟಿಗೆ ದಮ್ಮು ಹಾಕುತ್ತಿದ್ದರು. ಸೊಲ್ಲುಗಳನ್ನು ಅವನು ಅಲ್ಲೇ ಕಟ್ಟುತ್ತಿದ್ದ.

“ಬೇವಿನ ಬೊಡ್ಡಿ.”

“ಹೈಸ್ಸಾ.”

“ಸಾವಕಾರ್ರ ಹೊಟ್ಟಿ.”

“ಹೈಸ್ಸಾ.”

“ಯಾವದು ಭಾರ?”

“ಹೈಸ್ಸಾ.”

ಶಿವಶರಣಪ್ಪನವರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುತ್ತ ಇದನ್ನು ಕೇಳಿ ನಗುತ್ತಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಬೇಗ ಮುಗಿಯುತ್ತಿತ್ತು.

ಏಡಿಯ ಮೊದಲ ಪರೀಕ್ಷೆಯ ದಿನ ಹತ್ತೂ ಜನ ತಮ್ಮ ಕೆಲಸ ಹೋಗುವುದನ್ನು ನೋಡಲು ಸಾಲಾಗಿ ನಿಂತಿದ್ದರು. ಮಾಳು ಒಂದು ಹುಣಸೆ ದಿಮ್ಮಿಯನ್ನು ಇಕ್ಕಳದಲ್ಲಿ ಹಿಡಿದು ಲಿವರ್ ಎಳೆದ. ಇಂಜಿನ್ನು ಕಪ್ಪು ಹೊಗೆ ಬಿಟ್ಟಿತು. ದಿಮ್ಮಿ ಇದ್ದಲ್ಲೇ ಇತ್ತು. ಯಂತ್ರದ ಬಾಲ ಮಾತ್ರ ಸಾವಕಾಶವಾಗಿ ಮೇಲೆದ್ದು, ಹಿಂದಿನ ಎರಡೂ ಗಾಲಿ ಗಾಳಿಯಲ್ಲಿ ತಿರುಗಿದವು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ರೇವಪ್ಪ.

ಅಶ್ಫಾಕ ನಗಲಿಲ್ಲ. ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡು, “ನಗಾವ್ರೊಳಗ ದಪ್ಪ ಇದ್ದಾವ್ರು ನಾಕು ಮಂದಿ ಹಿಂದ ಹತ್ರಿ,” ಎಂದ.

ನಗುತ್ತಲೇ ನಾಲ್ವರು ಹತ್ತಿದರು. ಬಾಲ ಕೆಳಗಿಳಿಯಿತು. ದಿಮ್ಮಿ ಮೇಲೆದ್ದಿತು. ಕೆಳಗೆ ಉಳಿದ ಆರು ಜನ ನಗುವುದನ್ನು ಆಗ ನಿಲ್ಲಿಸಿದರು.

ಬಾಲಕ್ಕೆ ಕಬ್ಬಿಣದ ಭಾರವನ್ನೇ ಹಚ್ಚಬಹುದಲ್ಲ ಎಂದು ಶಿವಶರಣಪ್ಪನವರು ಕೇಳದೆ ಇರಲಿಲ್ಲ. ಅಶ್ಫಾಕನ ಉತ್ತರ ತಯಾರಿತ್ತು. “ಹಚ್ಚಬಹುದ್ರಿ. ಖಾಲಿ ಹೋಗೂ ಮುಂದ ಹಿಂದಿನ ಟಾಯರ ಅದನ್ನ ಹೊತ್ತು ಸಾಯ್ತಾವ. ಮಂದಿ ಆದ್ರ ಇಳದು ನಡಕೋತ ಬರ್ತಾರ. ಮತ್ತ ಬೊಡ್ಡಿಗಿ ಸರಪಳಿ ಕಟ್ಟವ್ರು ಯಾರು? ಕಬ್ಬಣ ಕೆಳಗಿಳದು ಸರಪಳಿ ಕಟ್ಟತೈತೇನ್ರಿ?”

ಮಾತು ಸಾವಕಾರರಿಗೆ ಹಿಡಿಸಿತು. ಬಾಲಕ್ಕೆ ತಗಡಿನ ಹಾಸು, ಹಿಡಿದುಕೊಳ್ಳಲು ಪೈಪಿನ ಕಟಾಂಜನ ಬಂತು. ಹತ್ತು ಜನರನ್ನೂ ಕಟ್ಟಿಗೆ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಹೆಚ್ಚು ತೂಗಿದ ನಾಲ್ವರನ್ನು ಇಟ್ಟುಕೊಂಡರು. ಸಿದ್ದರಾಮ ಎಪ್ಪತ್ನಾಲ್ಕು ಕಿಲೋ, ರೇವಪ್ಪ ಎಪ್ಪತ್ತೊಂದು, ಇಸಾಕ ಅರವತ್ತೇಳು, ರಾಯಪ್ಪ ಅರವತ್ತೈದು. ಜಲನಗರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಶಿವಶರಣಪ್ಪನವರು ನೆರೆಯವರಿಗೆ ಹೇಳುತ್ತಿದ್ದರು: “ಮಷೀನ ಬಂದ್ರ ಮಂದಿ ಹೋಗ್ತಾರ ಅಂತಾರ. ನಮ್ಮ ಮಷೀನಿಗಿ ಮಂದಿ ಇಲ್ಲಂದ್ರ ನಡಿಯೂದಽ ಇಲ್ಲ.”

ಇದು ಎರಡು ವರ್ಷದ ಹಿಂದಿನ ಮಾತು. ರೇವಪ್ಪನಿಗೆ ಈಗ ಐವತ್ತೆಂಟು ವರ್ಷ. ಹೊಲವಿಲ್ಲ. ಅಪ್ಪನ ಕಾಲದ ಕುರಿಗಳು ಅಪ್ಪನ ಕಾಲದಲ್ಲೇ ಹೋದವು. ನಲವತ್ತು ವರ್ಷ ದಿಮ್ಮಿ ಹೊತ್ತ ಹೆಗಲನ್ನು ಇನ್ನೊಂದು ಅಡ್ಡೆಯವರು ಕೆಲಸಕ್ಕೆ ತೆಗೆದುಕೊಳ್ಳುವ ಮಾತಿರಲಿಲ್ಲ. ಈ ವಯಸ್ಸಿನಲ್ಲಿ ಅವನಿಂದ ಜಗತ್ತು ಕೇಳುತ್ತಿದ್ದುದು ಎಪ್ಪತ್ತೊಂದು ಕಿಲೋ ಮಾತ್ರ. ಅದನ್ನು ಅವನು ಕೊಡುತ್ತಿದ್ದ.

ಈ ಯುಗಾದಿಯಿಂದೀಚೆಗೆ ಕೊಡುವುದು ಕಷ್ಟವಾಗತೊಡಗಿತು. ಎಷ್ಟು ನೀರು ಕುಡಿದರೂ ಬಾಯಿ ಆರುತ್ತಿತ್ತು. ತಾಸಿಗೊಮ್ಮೆ ಬೇಲಿಯ ಕಡೆ ಹೋಗಬೇಕಾಗುತ್ತಿತ್ತು. ರೊಟ್ಟಿ ಎರಡು ಹೆಚ್ಚೇ ಹೋಗುತ್ತಿತ್ತು, ಆದರೆ ಧೋತರ ಸಡಿಲವಾಗುತ್ತಿತ್ತು. ಒಂದು ಮುಂಜಾನೆ ಯಾರೂ ಇಲ್ಲದಾಗ ಕಾಟಾದ ಮೇಲೆ ನಿಂತು ನೋಡಿದ. ಅರವತ್ತು. ಕಾಟಾ ಕೆಟ್ಟಿರಬಹುದೆಂದು ಪಕ್ಕದಲ್ಲಿದ್ದ ಐವತ್ತು ಕಿಲೋದ ಸಿಮೆಂಟು ಚೀಲ ಇಟ್ಟು ನೋಡಿದ. ಕಾಟಾ ಕೆಟ್ಟಿರಲಿಲ್ಲ.

ಶ್ರಾವಣದ ಒಂದು ಸೋಮವಾರ ಬೇವಿನ ದಿಮ್ಮಿ ಎತ್ತುವಾಗ ಬಾಲ ಗೇಣುದ್ದ ಎದ್ದಿತು. ಮಾಳು ತಕ್ಷಣ ದಿಮ್ಮಿ ಇಳಿಸಿ ಹಿಂದೆ ತಿರುಗಿದ.

“ಸಾವಕಾರ್ರ, ಬಾಲ ಏಳಾಕತ್ತೈತ್ರಿ. ಹಿಂದ ಯಾರೋ ಹಗರ ಆಗ್ಯಾರ.”

ಶಿವಶರಣಪ್ಪನವರು ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು. ಕಣ್ಣು ಸಿದ್ದರಾಮನ ಹಣೆಯ ವಿಭೂತಿಯ ಮೇಲೆ ನಿಂತಿತು.

“ಏನ್ಲೇ ಸಿದ್ದರಾಮಾ, ಸೋಮಾರ ಉಪಾಸ ಹಿಡದೀಯೇನು?”

“ಹೌದ್ರಿ. ವರ್ಷಾ ಹಿಡೀತೀನಲ್ರಿ.”

“ಅಡ್ಡೆದಾಗ ಉಪಾಸ ಬಂದ್. ಮಾಡೂದಿದ್ರ ಐತವಾರ ಮಾಡು, ಸೂಟಿ ಇರತೈತಿ.”

“ದೇವರಿಗಿ ಸೋಮಾರ ಬೇಕ್ರಿ ಯಪ್ಪಾ.”

“ದೇವರಿಗಿ ತಿಳಿಸಿ ಹೇಳು. ಬೊಡ್ಡಿ ಭಾರ ಅದಾವ ಅಂತ.”

ಇಸಾಕ ನಡುವೆ ಬಾಯಿ ಹಾಕಿದ. “ಇವನ ಉಪಾಸಕ್ಕ ತೂಕ ಇಳಿಯಂಗಿಲ್ರಿ. ಉಪಾಸದಾಗ ಇವ ತಿನ್ನೂವಷ್ಟು ಸಾಬೂದಾನಿ ನಮ್ಮ ಮನ್ಯಾಗ ಈದಿಗೂ ಮಾಡೂದಿಲ್ಲ.”

ಎಲ್ಲರೂ ನಕ್ಕರು. ಸಿದ್ದರಾಮ ನಗಲಿಲ್ಲ, ಇಪ್ಪತ್ತು ವರ್ಷದ ವ್ರತವನ್ನು ಆ ವಾರವೇ ಬಿಟ್ಟ. ರೇವಪ್ಪ ಕಟಾಂಜನದ ಪೈಪು ಹಿಡಿದುಕೊಂಡು ನೆಲ ನೋಡುತ್ತಿದ್ದ. ಹಗುರವಾದವನು ಯಾರೆಂದು ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಆಗ ಅಡ್ಡೆಗೆ ಬರುತ್ತಿದ್ದುದು ಟಿಕೋಟಾ ರಸ್ತೆ ಅಗಲ ಮಾಡಲು ಕಡಿದ ಮರಗಳು. ಅದೇ ವಾರ ರಸ್ತೆಯ ಕಂತ್ರಾಟದಾರನ ಹೊಸ ಲೋಡರು ಆ ದಾರಿಗೆ ಬಂತು. ಆಳೆತ್ತರದ ಪುಟ್ಟ ಗಾಡಿ. ನಿಂತ ಜಾಗದಲ್ಲೇ ಗಿರಕಿ ಹೊಡೆದು, ಬೇವಿನ ದಿಮ್ಮಿಗಳನ್ನು ಬೆಂಕಿಕಡ್ಡಿಗಳಂತೆ ಜೋಡಿಸಿಡುತ್ತಿತ್ತು. ಅದರ ಚಾಲಕ ರಾಜಾರಾಮ ಚಹಾ ಕುಡಿಯಲು ಇಳಿದಾಗ ರೇವಪ್ಪ ಗಾಡಿಯ ಹಿಂಬದಿಗೆ ಹೋಗಿ ನಿಂತ. ಅಲ್ಲಿ ತಗಡಿನ ಹಾಸು ಇರಲಿಲ್ಲ, ಕಟಾಂಜನ ಇರಲಿಲ್ಲ.

“ತಮ್ಮಾ, ಇದಕ್ಕ ಹಿಂದ ಎಷ್ಟು ಮಂದಿ ಕುಂಡ್ರತಾರು?”

“ಮಂದಿ ಯಾಕ ಕುಂಡ್ರತಾರ್ರಿ?” ರಾಜಾರಾಮ ಬಶಿಯಲ್ಲಿದ್ದ ಚಹಾ ಊದಿದ. “ಬಾಲದಾಗ ಬೀಡು ಕಬ್ಬಣದ ಗಟ್ಟಿ ಐತಿ. ಕಂಪನಿಯವ್ರಽ ಹಾಕಿ ಕೊಟ್ಟಾರ.”

ರೇವಪ್ಪ ಬೆರಳ ಗೆಣ್ಣಿನಿಂದ ಅದನ್ನು ಬಡಿದು ನೋಡಿದ. ಮದುವೆಗೆ ಹೆಣ್ಣು ನೋಡಲು ಬಂದವರು ಮನೆಯ ಗೋಡೆ ಬಡಿದು ನೋಡುವ ಹಾಗೆ. ಗಟ್ಟಿ ಗಟ್ಟಿಯೇ ಇತ್ತು.

ಭಾನುವಾರ ಅವನು ಬಬಲೇಶ್ವರದ ಬಸ್ಸು ಹತ್ತಿದ. ಅಶ್ಫಾಕ ಅಂಗಡಿಯ ಮುಂದೆ ಒಂದು ಟ್ರೇಲರಿನ ಕೊಂಡಿ ಬೆಸೆಯುತ್ತಿದ್ದ. ಕಣ್ಣಿನ ಕಪ್ಪು ಕನ್ನಡಕ ಮೇಲಕ್ಕೆ ಸರಿಸಿ, “ಓಹೋ, ಮುಕಾದಮ,” ಎಂದ. “ನಿನ್ನ ಸೀಟು ಮುರೀತೇನು?”

“ಸೀಟು ಗಟ್ಟಿ ಐತಿ ಮಿಸ್ತ್ರಿ. ಕುಂಡ್ರಾವ ಮುರದಾನ.” ರೇವಪ್ಪ ಸುತ್ತ ನೋಡಿ ದನಿ ತಗ್ಗಿಸಿದ. “ನನಗ ಹದಿನೈದು ಕಿಲೋ ಕಬ್ಬಣ ಬೇಕಾಗಿತ್ತು.”

“ಯಾವದಕ್ಕ ಹಚ್ಚಾಕ?”

“ನನಗ.”

ಅಶ್ಫಾಕ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಅಂಗಿಯ ಹೆಗಲಿನ ಹೊಲಿಗೆ ತೋಳಿನ ನಡುಮಟ್ಟಕ್ಕೆ ಇಳಿದಿತ್ತು. ಮಿಸ್ತ್ರಿಗಳಿಗೆ ಅಳತೆ ಹೇಳಿಕೊಡಬೇಕಾಗಿಲ್ಲ.

“ದವಾಖಾನಿಗೆ ಹೋಗಪಾ.”

“ಹೋದ್ರ ಮಲಗಸ್ತಾರ. ಮಲಗಿದ್ರ ನನ್ನ ಜಾಗಾಕ್ಕ ಮತ್ತೊಬ್ಬ ಕುಂಡ್ರತಾನ. ದೀಪಾವಳಿ ತನಕ ತಡಿ, ರಸ್ತೆದ ಗಿಡಾ ಮುಗೀತಾವ. ಆವಾಗ ಹೋಗ್ತೀನಿ.”

“ಹದಿನೈದು ಕಿಲೋ ಅಂದ್ರ ನಾ ಅದನ್ನ ಗಾಡೀಗೇ ಬೆಸದ ಬಿಡಬಹುದಲ್ಲೋ, ಹುಚ್ಚಪ್ಪಾ. ಅರ್ಧಾ ತಾಸಿನ ಕೆಲಸ.”

“ಅದಕ್ಕಽ ಬಂದೇನಿ. ಬೆಸೀಬ್ಯಾಡ ಅಂತ ಹೇಳಾಕ.”

ಅಶ್ಫಾಕ ಬೆಸುಗೆಯ ಕೋಲು ಕೆಳಗಿಟ್ಟ. ತನ್ನ ಯಂತ್ರದ ತಪ್ಪನ್ನು ಮುಚ್ಚಲು ತಾನೇ ಹೇಳಿದ ಉಪಾಯ ಇಲ್ಲಿಯವರೆಗೆ ನಡೆದು ಬಂದು ಅಂಗಡಿಯ ಮುಂದೆ ನಿಂತಿದೆ ಎಂದು ಅವನಿಗೆ ಅನಿಸಿರಬಹುದು. ಅನಿಸಿದ್ದನ್ನು ಅವನು ಬಾಯಿಂದ ಹೇಳುವವನಲ್ಲ. ಲಾರಿಯ ತಾಡಪತ್ರಿಯ ತುಂಡೊಂದನ್ನು ಎಳೆದು ರೇವಪ್ಪನ ಸೊಂಟಕ್ಕೆ ಸುತ್ತಿ ಅಳೆದ. ಪಾಟಾದ ತುಂಡುಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಅಂಚು ಚುಚ್ಚದಂತೆ ಉಜ್ಜಿ, ತಾಡಪತ್ರಿಗೆ ಕಿಸೆ ಹೊಲಿಸಿ ತುಂಬಿದ. ಸೊಂಟದ ಪಟ್ಟಿ ತಯಾರಾಯಿತು, ಮುಂದೆ ಎರಡು ಕೊಂಡಿ.

“ಇದನ್ನ ಕಟಗೊಂಡು ಜಿಗೀಬ್ಯಾಡ,” ಎಂದ. “ಬಸರಿ ಹೆಂಗಸಿನಂಗ ಸಾವಕಾಶ ಇಳಿ.”

ಸೋಮವಾರ ಬಾಲ ಏಳಲಿಲ್ಲ. “ನೋಡು, ಉಪಾಸ ಬಿಟ್ಟಿದ್ದು ನಡೀತು,” ಎಂದು ಶಿವಶರಣಪ್ಪನವರು ಸಿದ್ದರಾಮನ ಬೆನ್ನು ತಟ್ಟಿದರು.

ಪಟ್ಟಿಯನ್ನು ಮನೆಯಲ್ಲಿ ಮುಚ್ಚಿಡುವುದು ಅಷ್ಟು ಸುಲಭವಿರಲಿಲ್ಲ. ಒಂದು ಮುಂಜಾನೆ ಬೆನ್ನಿಗೆ ನೀರು ಹಾಕುವಾಗ ಹೆಂಡತಿ ತಾಯವ್ವ ಅವನ ಸೊಂಟದ ಸುತ್ತ ಕಪ್ಪಾದ ಚರ್ಮ ನೋಡಿದಳು.

“ಇದೇನ್ರಿ ಇದು? ನೊಗಾ ಹೊತ್ತ ಎತ್ತಿನ ಹೆಗಲಾದಂಗ ಆಗೇತಿ.”

“ಸಾವಕಾರ್ರು ಪಟ್ಟಿ ಕೊಟ್ಟಾರ. ಗಾಡಿ ಮ್ಯಾಲಿಂದ ಬೀಳಬಾರದಂತ.”

“ಪಾಪ, ಭಾಳ ಕಾಳಜಿ ಮಾಡ್ತಾರ,” ಎಂದಳು ತಾಯವ್ವ. ಬೆವರಿನ ವಾಸನೆ ಹೊಡೆಯುತ್ತಿದ್ದ ಪಟ್ಟಿಯನ್ನು ಒಗೆಯಲೆಂದು ಎತ್ತಲು ಹೋದಳು. ಎತ್ತಲಾಗಲಿಲ್ಲ. ಇನ್ನೊಂದು ಸಲ ಎರಡೂ ಕೈ ಹಾಕಿ ಎತ್ತಿ, ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಇಟ್ಟಳು.

“ಕಾಳಜಿ ಇಷ್ಟು ಭಾರ ಇರತೈತೇನ್ರಿ?”

ರೇವಪ್ಪ ಆಗ ನಿಜ ಹೇಳಿದ. ತಾಯವ್ವ ಅಳುವ ಹೆಂಗಸಲ್ಲ. ತೂಕ ಹೋದರೆ ತೂಕ ಮರಳಿ ತರಬೇಕು, ಅಷ್ಟೇ ಅಲ್ಲವೆ? ಅಂದಿನಿಂದ ರೊಟ್ಟಿಯ ಜೊತೆ ಬೆಲ್ಲ ತುಪ್ಪ ಬಂತು. ಮುಂಜಾನೆ ಸಜ್ಜಕ, ಸಂಜೆ ಬಾಳೆಹಣ್ಣು. ರೇವಪ್ಪ ತಿಂದ. ತಿಂದಷ್ಟೂ ನೀರಡಿಕೆ ಹೆಚ್ಚಿತು, ಸೊಂಟ ಸಣ್ಣದಾಯಿತು. ತಾಯವ್ವ ಬೆಲ್ಲ ಇನ್ನಷ್ಟು ಹೆಚ್ಚಿಸಿದಳು.

ಕೆಲಸದ ನಡುವೆ ಅವನು ಮತ್ತೆ ಮತ್ತೆ ಬೇಲಿಗೆ ಹೋಗುವುದನ್ನು ಶಿವಶರಣಪ್ಪನವರು ಗಮನಿಸಿದರು. ದಿಮ್ಮಿ ಅರ್ಧ ಎತ್ತಿದಾಗ ಒಬ್ಬನು ಇಳಿದು ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ, “ನಡಿ,” ಎಂದು ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಜಲನಗರದ ತಮ್ಮ ಮನೆಯ ಡಾಕ್ಟರರ ಹತ್ತಿರ ಕರೆದೊಯ್ದರು. ರೇವಪ್ಪನ ನಲವತ್ತು ವರ್ಷದ ಕೆಲಸದಲ್ಲಿ ಯಾವ ಸಾವಕಾರರೂ ಹೀಗೆ ಮಾಡಿರಲಿಲ್ಲ. ಸೊಂಟದ ಪಟ್ಟಿ ಬಿಚ್ಚಲು ಎಡೆಯೇ ಸಿಗಲಿಲ್ಲ. ಕಾರಿನಲ್ಲಿ ಪಕ್ಕಕ್ಕೇ ಅವರು, ದವಾಖಾನೆಯ ಬಾಕಿನ ಮೇಲೆ ಪಕ್ಕಕ್ಕೇ ಅವರು, ಡಾಕ್ಟರರ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತವರೂ ಅವರೇ.

“ನೀರಡಿಕಿ ಭಾಳೇನು?” ಡಾಕ್ಟರು ಕೇಳಿದರು.

“ಬಿಸಲ ಐತಲ್ರಿ.”

“ತೂಕ ಇಳದೈತೇನು? ಅದರ ಮ್ಯಾಲ ನಿಂದ್ರು.”

ರೇವಪ್ಪ ನಿಂತ. ಮುಳ್ಳು ತೂಗಾಡಿ ಎಪ್ಪತ್ತೆರಡಕ್ಕೆ ನಿಂತಿತು. ಮಧ್ಯಾಹ್ನ ಕುಡಿದ ನೀರೂ ಅದರಲ್ಲಿ ಸೇರಿತ್ತು.

“ಮೊದಲೆಷ್ಟಿತ್ತು?”

“ಎಪ್ಪತ್ತೊಂದು,” ಶಿವಶರಣಪ್ಪನವರೇ ಹೇಳಿದರು. “ನಮ್ಮ ಕಾಟಾದಾಗ ನಾನಽ ತೂಗೇನ್ರಿ. ಗ್ರಾಮಿನ ಫರಕ ಬರಂಗಿಲ್ಲ.”

“ಮತ್ತೇನ್ರಿ, ಒಂದು ಕಿಲೋ ಏರ್ಯಾನ.” ಡಾಕ್ಟರು ಅಂಗಿಯ ಮೇಲಿಂದಲೇ ಎದೆಗೆ ನಳಿಗೆ ಹಚ್ಚಿ ತೆಗೆದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. “ಸಕ್ಕರಿ ಅಂತ ನನಗ ಸಂಶೆ ಇತ್ತು. ಸಕ್ಕರಿ ಇಷ್ಟು ಜೋರ ಇದ್ರ ತೂಕ ಇಳೀತಿತ್ತು. ರಕ್ತಾ ಬೇಕಂದ್ರ ತೋರಸ್ರಿ, ಅವಸರ ಏನಿಲ್ಲ. ಶಕ್ತಿ ಗುಳಿಗಿ ಬರದು ಕೊಡ್ತೀನಿ.”

ಮರಳಿ ಬರುವಾಗ ಗೋಳಗುಮ್ಮಟದ ದಾರಿಯಲ್ಲಿ ಪ್ರವಾಸಿಗರ ಬಸ್ಸುಗಳು ಸಿಕ್ಕು ಕಾರು ನಿಂತಿತು. ಹೇಳುವುದಿದ್ದರೆ ಅದೇ ಹೊತ್ತು. ರೇವಪ್ಪ ಗಂಟಲು ಸರಿ ಮಾಡಿಕೊಂಡ.

“ಸಾವಕಾರ್ರ.”

“ನಾ ಅಂಜಿದ್ದೆ ನೋಡು,” ಎಂದರು ಶಿವಶರಣಪ್ಪನವರು ಖುಷಿಯಲ್ಲಿ. “ಈ ವಯಸ್ಸಿನಾಗ ಮಂದಿ ಹಕ್ಕಿ ಆದಂಗ ಆಗ್ತಾರ. ನಿನ್ನ ತೂಕ ಭೇಷ ಐತಿ ಬಿಡು. ಏನೋ ಅಂದಿ?”

“ಏನಿಲ್ರಿ. ಗಾಡ್ಯಾಗ ಭಾಳ ತಂಪ ಐತಿ ಅಂದೆ.”

ಡಾಕ್ಟರೇ ಏನಿಲ್ಲವೆಂದ ಮೇಲೆ ತಾಯವ್ವನಿಗೆ ಧೈರ್ಯ ಬಂತು. ಗಂಡ ಕಾಟಾದ ಮೇಲೆ ಪಟ್ಟಿ ಕಟ್ಟಿಕೊಂಡೇ ನಿಂತಿದ್ದನೇ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಗುಳಿಗೆಯನ್ನು ಬೆಲ್ಲದ ನೀರಿನಲ್ಲಿ ಕೊಟ್ಟಳು. ದಸರೆಯ ಹೊತ್ತಿಗೆ ರೇವಪ್ಪ ಬಬಲೇಶ್ವರಕ್ಕೆ ಮತ್ತೆರಡು ಸಲ ಹೋಗಿ ಬಂದಿದ್ದ. ಎರಡನೆಯ ಸಲ ಅಶ್ಫಾಕ ಕಬ್ಬಿಣ ಕೊಡುವುದಿಲ್ಲವೆಂದ. ರೇವಪ್ಪ ಅಂಗಡಿಯ ಮುಂದೆ ಎರಡು ತಾಸು ಕೂತ. ಕೂರುವುದು ಅವನಿಗೆ ರೂಢಿಯಾಗಿತ್ತು. ಕೊನೆಗೆ ಅಶ್ಫಾಕನೇ ಎದ್ದು ಕಟರ್ ಚಾಲೂ ಮಾಡಿದ.

ದೀಪಾವಳಿಗೆ ಎಂಟು ದಿನವಿತ್ತು. ರಸ್ತೆಯ ಕೊನೆಯ ಹುಣಸೆಮರಗಳಲ್ಲೊಂದರ ಬೊಡ್ಡೆ ಟ್ರೇಲರಿಗೆ ಏರಬೇಕಾಗಿತ್ತು. ಎಳೆಬಿಸಿಲು. ನಾಲ್ವರೂ ಬಾಲದ ಮೇಲೆ ಕೂತರು. ಮಾಳು ಲಿವರ್ ಎಳೆದ. ಬೊಡ್ಡೆ ನೆಲ ಬಿಟ್ಟು, ತೂಗಿ, ತಿರುಗಿ, ಟ್ರೇಲರಿನ ಮೇಲೆ ಮೆತ್ತಗೆ ಇಳಿಯಿತು. ಬಾಲ ಕೂದಲೆಳೆಯಷ್ಟೂ ಏಳಲಿಲ್ಲ. ಮೂವರು ಇಳಿದರು. ರೇವಪ್ಪ ಕೂತೇ ಇದ್ದ.

“ಕಾಕಾ, ಇಳೀರಿ. ಬೊಡ್ಡಿ ಹೋತು,” ಎಂದ ಮಾಳು.

“ನಿದ್ದಿ ಹತ್ತೇತಿ ಅವಗ,” ಸಿದ್ದರಾಮ ಹೇಳಿದ. “ಪಗಾರ ತಗೊಂಡು ಕುಂತಲ್ಲೇ ನಿದ್ದಿ ಮಾಡೂ ಪುಣ್ಯೇ ಪಡದು ಬಂದಾನ.” ಹತ್ತಿರ ಹೋಗಿ ಹೆಗಲು ಅಲುಗಿಸಿದ. ತಲೆ ಒಂದು ಬದಿಗೆ ವಾಲಿತು. ಉಸಿರು ಜೋರಾಗಿ ಏರಿಳಿಯುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ.

ಸಿದ್ದರಾಮ ಮತ್ತು ಇಸಾಕ ಇಬ್ಬರೂ ಕಂಕುಳಿಗೆ ಕೈಹಾಕಿ ಎತ್ತಿದರು. ಏಳಲಿಲ್ಲ.

“ಇವನೌನ, ಎಷ್ಟು ಭಾರ ಅದಾನೋ.”

ರಾಯಪ್ಪ ಕಾಲು ಹಿಡಿದ. ಅಭ್ಯಾಸಬಲದಿಂದ ಅವನ ಬಾಯಿಂದ ‘ಹೈಸ್ಸಾ’ ಎಂದು ಬಂದೇಬಿಟ್ಟಿತು, ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ. ಎತ್ತುವಾಗ ಅಂಗಿ ಮೇಲೆ ಸರಿಯಿತು. ತಾಡಪತ್ರಿಯ ಪಟ್ಟಿ, ಅದರ ಮೇಲೆ ಎಣಿಸಬಹುದಾದ ಪಕ್ಕೆಲುಬು. ಮಾಳು ಇಳಿದು ಬಂದು ಕೊಂಡಿ ಬಿಚ್ಚಿದ. ಪಟ್ಟಿ ತಗಡಿನ ಮೇಲೆ ಬಿದ್ದ ಸಪ್ಪಳಕ್ಕೆ ಟ್ರೇಲರಿನ ಡ್ರೈವರೂ ತಿರುಗಿ ನೋಡಿದ. ಆಮೇಲೆ ಸಿದ್ದರಾಮ ಒಬ್ಬನೇ ರೇವಪ್ಪನನ್ನು ಎತ್ತಿಕೊಂಡು ರಸ್ತೆಯವರೆಗೆ ನಡೆದ. ಕೈಯಲ್ಲಿ ಏನೂ ಇಲ್ಲದವನಂತೆ ನಡೆದ.

“ನನ್ನ ಉಪಾಸ ಬಿಡಿಸಿದ್ಯಲ್ಲೋ, ಮುದುಕಾ,” ಎನ್ನುತ್ತಿದ್ದ ದಾರಿಯುದ್ದಕ್ಕೂ. “ಒಂದ ಮಾತು ಹೇಳಬಾರದೇನ್ಲೇ?”

ವಿಜಯಪುರದ ದೊಡ್ಡ ಆಸ್ಪತ್ರೆಯಲ್ಲಿ ಸಕ್ಕರೆ ಆರುನೂರರ ಹತ್ತಿರ ಎಂದರು. ಮೂರು ದಿನ ಎಚ್ಚರವಿರಲಿಲ್ಲ. ಎಚ್ಚರವಾದ ಮೇಲೆ ತೂಗಿದರು. ನಲವತ್ನಾಲ್ಕು.

ಐದನೆಯ ದಿನ ಶಿವಶರಣಪ್ಪನವರು ಸೇಬುಹಣ್ಣು ಹಿಡಿದು ಬಂದರು. ತಾಯವ್ವ ಎದ್ದು ಸ್ಟೂಲು ಕೊಟ್ಟಳು. ಅವರು ಸಲೈನಿನ ಬಾಟಲಿ ನೋಡುತ್ತ ಕೂತರು.

“ಅಲ್ಲಪಾ, ಡಾಕ್ಟರ್ರ ಮುಂದ ಸುಳ್ಳ ಯಾಕ ಹೇಳ್ದಿ?”

“ನಾ ಏನೂ ಹೇಳಲಿಲ್ರಿ. ಕಾಟಾ ಹೇಳ್ತು.”

“ನಾ ನಿನ್ನ ಕೆಲಸಾ ಬಿಡಸ್ತೀನಿ ಅಂತ ಯಾಕ ತಿಳಕೊಂಡಿ?”

ರೇವಪ್ಪ ಅವರ ಮುಖ ನೋಡಿದ. “ಬಿಡಸ್ತಿದ್ದಿಲ್ಲೇನ್ರಿ?”

ಶಿವಶರಣಪ್ಪನವರು ಪ್ರಾಮಾಣಿಕವಾಗಿ ಯೋಚಿಸಿದರು.

“ಬಿಡಸ್ತಿದ್ದೆ,” ಎಂದರು. “ಆದ್ರ ದವಾಖಾನಿಗಿ ಹಾಕಿ ಬಿಡಸ್ತಿದ್ದೆ.”

ತಾಯವ್ವ ಕಿಟಕಿಯ ಕಡೆ ಮುಖ ಮಾಡಿದಳು. ಶಿವಶರಣಪ್ಪನವರು ಸೇಬಿನ ಚೀಲವನ್ನು ಮಂಚದ ಈ ಬದಿಯಿಂದ ಆ ಬದಿಗೆ ಸರಿಸಿದರು.

“ಆ ಪಟ್ಟಿ ತೂಗಿಸಿ ನೋಡಿದೆ. ಇಪ್ಪತ್ತೇಳು ಕಿಲೋ. ಅಷ್ಟು ಕಬ್ಬಣ ಕಟಗೊಂಡು ಮೂರು ತಿಂಗಳು ನೀ ಗಾಡಿ ಮ್ಯಾಲ ಕುಂತಿ, ಗಾಡಿಗಿ ಏನೂ ಆಗಲಿಲ್ಲ, ಟಾಯರಿಗೂ ಏನೂ ಆಗಲಿಲ್ಲ. ಅಂದ್ರ ಅಶ್ಫಾಕ ಅವತ್ತು ಹೇಳಿದ್ದು ಖೊಟ್ಟಿ ಅಂತಾತಿಲ್ಲೋ? ಭಾರಕ್ಕ ಮಂದಿಯಽ ಆಗಬೇಕಂತೇನಿಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಹೊಸ ವಿಷಯ ಕಲಿತವನ ಉತ್ಸಾಹ ಮಾತ್ರ ಇತ್ತು. “ಮಂದಿ ಅಂದ್ರ ಏರತಾರ, ಇಳೀತಾರ, ಜಡ್ಡಿಗಿ ಬೀಳ್ತಾರ. ನನ್ನ ಎದಿಗಿ ಎಷ್ಟು ತ್ರಾಸ ಆತು ನಿನ್ನ ನೋಡಿ. ಇನ್ನ ಆ ಪಾಪ ಬ್ಯಾಡ ಅಂತ ಅಶ್ಫಾಕಗ ಹೇಳೇನಿ.”

“ಉಳದ ಮೂರು ಮಂದಿ?”

“ಅವರಿಗೂ ಹೇಳೇನಿ.”

ನಾಲ್ಕನೆಯವನ ಜಾಗ ಉಳಿಸಲು ಹೋಗಿ ನಾಲ್ಕೂ ಜಾಗಗಳನ್ನು ತಾನು ಕಳೆದೆನೆಂದು ರೇವಪ್ಪನಿಗೆ ತಿಳಿಯಲು ಅಷ್ಟು ಹೊತ್ತು ಬೇಕಾಗಲಿಲ್ಲ. ಸಿದ್ದರಾಮ ಆಸ್ಪತ್ರೆಗೆ ಬರಲಿಲ್ಲ. ಇಸಾಕನೂ ರಾಯಪ್ಪನೂ ಬರಲಿಲ್ಲ. ಕಬ್ಬು ಏರಿಸುವ ಕೆಲಸ ಹುಡುಕಿಕೊಂಡು ಹೋದರೆಂದು ತಾಯವ್ವನಿಗೆ ಬಸ್ಸಿನಲ್ಲಿ ಯಾರೋ ಹೇಳಿದರು.

ಮನೆಗೆ ಬಂದ ಮೇಲೆ ಬೆಲ್ಲ ನಿಂತಿತು, ದಿನಕ್ಕೆರಡು ಸೂಜಿ ಶುರುವಾಯಿತು. ಊರಿನ ಆರೋಗ್ಯ ಕೇಂದ್ರದ ನರ್ಸು ಲಲಿತಾ ಹದಿನೈದು ದಿನಕ್ಕೊಮ್ಮೆ ತೂಗುತ್ತಿದ್ದಳು. ನಲವತ್ತೇಳು. ಐವತ್ತು. ಐವತ್ನಾಲ್ಕು. “ಛಲೋ ಏರಾಕತ್ತೀರಿ ಕಾಕಾ,” ಎಂದು ಅವಳು ಕಾರ್ಡಿನಲ್ಲಿ ಬರೆಯುತ್ತಿದ್ದಳು. ಊರಲ್ಲಿ ಕಂಡವರೂ ಅದನ್ನೇ ಹೇಳುತ್ತಿದ್ದರು. ಸಂಕ್ರಾಂತಿ ಕಳೆದು ಅರವತ್ತು ದಾಟಿದಾಗ ರೇವಪ್ಪ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು, ತಾಯವ್ವನಿಗೆ ಟಿಕೋಟಾ ಸಂತೆ ಎಂದು ಹೇಳಿ ಅಡ್ಡೆಗೆ ಹೋದ.

ಶಿವಶರಣಪ್ಪನವರು ಇರಲಿಲ್ಲ. ಮಾಳು ಏಡಿಯ ಮೂತಿಗೆ ಗ್ರೀಸು ಹಚ್ಚುತ್ತಿದ್ದ.

“ಬರ್ರಿ ಕಾಕಾ. ಮಾರಿ ತುಂಬೈತಲ್ಲ.”

“ಅರವತ್ತೆರಡು,” ಎಂದ ರೇವಪ್ಪ. “ಇನ್ನೊಂದೆರಡು ತಿಂಗಳಿಗಿ ಎಪ್ಪತ್ತೊಂದು ಆಗ್ತೀನಿ.”

ಮಾಳು ಗ್ರೀಸಿನ ಡಬ್ಬಿ ಮುಚ್ಚಿದ. ರೇವಪ್ಪ ಹಿಂಬದಿಗೆ ನಡೆದ. ತಗಡಿನ ಹಾಸು, ಕಟಾಂಜನ ಎರಡೂ ಹೋಗಿದ್ದವು. ಆ ಜಾಗದಲ್ಲಿ ಕಾಂಕ್ರೀಟಿನ ಒಂದು ದೊಡ್ಡ ಗಟ್ಟಿ, ಅಂಚುಗಳಿಗೆ ಕೆಂಪು ಬಣ್ಣ.

“ಮುನ್ನೂರು ಕಿಲೋ,” ಮಾಳು ಹಿಂದಿನಿಂದ ಹೇಳಿದ. “ನಿಮ್ಮ ನಾಕು ಮಂದೀಕಿಂತ ಜರಾ ಹೆಚ್ಚಽ ಹಾಕ್ಯಾನ ಅಶ್ಫಾಕಭಾಯಿ. ನಿಮ್ಮ ಪಟ್ಟ್ಯಾಗಿನ ಪಾಟಾನೂ ಅದರಾಗಽ ಹಾಕಿದ. ಛಲೋ ಉಕ್ಕು ಐತಿ, ಒಗದ್ರ ಹಾಳ ಆಗತೈತಿ ಅಂದ.”

“ಸರಪಳಿ ಯಾರು ಕಟ್ಟತಾರು?”

“ನಾನಽ ಇಳದು ಕಟ್ಟತೀನ್ರಿ. ಜರಾ ತಡಾ ಆಗತೈತಿ. ಆಗಲಿ ಬಿಡ ಅಂತಾರ ಸಾವಕಾರ್ರು.”

ಒಂದು ಟ್ರೇಲರು ಒಳಗೆ ಬಂದು ನಿಂತಿತು. ಜಾಲಿಯ ದಿಮ್ಮಿಗಳು. ಮಾಳು ಸೀಟಿಗೆ ಹತ್ತಿ ಇಂಜಿನ್ನು ಚಾಲೂ ಮಾಡಿದ. ರೇವಪ್ಪ ಇನ್ನೂ ಅಲ್ಲೇ ನಿಂತಿದ್ದ, ಒಂದು ಕೈ ಕಾಂಕ್ರೀಟಿನ ಮೇಲೆ.

“ಕಾಕಾ,” ಮಾಳು ಕೂಗಿದ, “ಜರಾ ಅತ್ಲಾಗ ಸರೀರಿ. ಗಾಡಿ ಹಿಂದ ಬರತೈತಿ.”

ರೇವಪ್ಪ ಸರಿದ. ಯಂತ್ರ ಹಿಂದೆ ಬಂದು, ತಿರುಗಿ, ದಿಮ್ಮಿಯನ್ನು ಕಚ್ಚಿತು. ಇಂಜಿನ್ನಿನ ಸದ್ದು ಏರಿತು. ಅವನು ಹಿಂದಿನ ಗಾಲಿಗಳನ್ನೇ ನೋಡುತ್ತಿದ್ದ. ದಿಮ್ಮಿ ಎದೆಮಟ್ಟಕ್ಕೆ ಎದ್ದಿತು, ತಲೆಮಟ್ಟಕ್ಕೆ ಎದ್ದಿತು. ಗಾಲಿಗಳು ನೆಲ ಬಿಡಲಿಲ್ಲ.